ಹಗಲು ಹೊತ್ತು ಕರೆಂಟು ಕೊಟ್ಟರೆ ಸಾಕು

ನಮ್ಮೂರು ಗೊರೂರು ಅಂದ ತಕ್ಷಣ ಕಾಲೇಜಿನಲ್ಲಿ ಎದುರಾಗುವ ಪ್ರಶ್ನೆಗಳು ಎರಡೇ. ‘ಡ್ಯಾಂ ತುಂಬಿತಾ?’ ಎಂಬುದು ಮೊದಲನೆಯದು. ‘ಅಷ್ಟು ದೊಡ್ಡ ಡ್ಯಾಂ ಇಟ್ಟುಕೊಂಡು ನಿಮಗೇನೇ ಕರೆಂಟಿಗೆ ಬರ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಕಮಾನು ಎಷ್ಟು ಮುಳುಗಿದೆ ಎಂದು ಯಾರದಾದರೂ ಸ್ಟೇಟಸ್ ನೋಡಿದರೆ ಗೊತ್ತಾಗುತ್ತದೆ. ಎರಡನೆಯದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಎಲೆಕ್ಟ್ರಿಕಲ್ ಬಿಇಯ ಐದು ಸೆಮಿಸ್ಟರ್ ಬೇಕಾದವು.

ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಉದ್ದ ಹೆಚ್ಚುಕಡಿಮೆ 4.7 ಕಿಲೋಮೀಟರ್, ಎತ್ತರ 58 ಮೀಟರ್, ಹಿಡಿಯುವ ನೀರು 37 ಟಿಎಂಸಿ. ಗೇಟು ತೆಗೆದ ದಿನ ಸೇತುವೆ ಮೇಲೆ ನಿಂತು ನೋಡಿದರೆ ಇಡೀ ಕರ್ನಾಟಕಕ್ಕೆ ಸಾಕಾಗುವಷ್ಟು ಶಕ್ತಿ ಅಲ್ಲೇ ಹರಿದು ಹೋಗುತ್ತಿದೆ ಅನಿಸುತ್ತದೆ. ನನಗೂ ಹಾಗೇ ಅನಿಸಿ ಒಂದು ಸಲ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಪಿಯುಸಿ ಭೌತಶಾಸ್ತ್ರ ಗೊತ್ತಿದ್ದರೆ ಸಾಕು, ನೀವೂ ಹಾಕಬಹುದು. ಬಳಸಲು ಸಿಗುವ ನೀರು 35 ಟಿಎಂಸಿ ಎಂದರೆ ಸುಮಾರು 100 ಕೋಟಿ ಘನ ಮೀಟರ್, ಅಂದರೆ 100 ಕೋಟಿ ಟನ್. ನೀರಿನ ಮಟ್ಟ ಏರಿಳಿಯುವುದರಿಂದ ಬೀಳುವ ಎತ್ತರವನ್ನು ಸರಾಸರಿ 30 ಮೀಟರ್ ಎಂದು ಹಿಡಿಯೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ ಯೂನಿಟ್‌ಗೆ ತಂದರೆ ಎಂಟು ಕೋಟಿ ಚಿಲ್ಲರೆ ಬರುತ್ತದೆ. ಟರ್ಬೈನು, ಜನರೇಟರಿನ ನಷ್ಟ ಕಳೆದರೆ ಉಳಿಯುವುದು ಆರೂವರೆ ಕೋಟಿ ಯೂನಿಟ್.

ದೊಡ್ಡ ಸಂಖ್ಯೆಯೇ. ಆದರೆ ಪಕ್ಕದ ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕನ್ನು ಇದರ ಪಕ್ಕ ಇಟ್ಟು ನೋಡಿ. ಅದರ ಸಾಮರ್ಥ್ಯ 2,050 ಮೆಗಾವಾಟ್. ದಿನಕ್ಕೆ ಒಂದು ಮೆಗಾವಾಟ್‌ನಿಂದ ನಾಲ್ಕೂವರೆ, ಐದು ಸಾವಿರ ಯೂನಿಟ್ ಸಿಕ್ಕರೂ ಒಟ್ಟು ಕೋಟಿಯ ಹತ್ತಿರ ಹೋಗುತ್ತದೆ. ಅಂದರೆ ನಮ್ಮ ಇಡೀ ಜಲಾಶಯ ಒಂದು ಸಲ ತುಂಬಿ ಖಾಲಿಯಾದರೆ ಸಿಗಬಹುದಾದ ವಿದ್ಯುತ್ತನ್ನು ಪಾವಗಡದ ಬಿಸಿಲು ಒಂದು ವಾರದಲ್ಲಿ ಕೊಡುತ್ತದೆ! ಈ ಉತ್ತರ ನೋಡಿ ನಾನು ಸೊನ್ನೆಗಳನ್ನು ಎರಡು ಸಲ ಎಣಿಸಿದೆ. ಅಷ್ಟೇ ನೀರು ಶರಾವತಿಯಲ್ಲಾದರೆ 400 ಮೀಟರಿಗೂ ಹೆಚ್ಚು ಎತ್ತರದಿಂದ ಬೀಳುತ್ತದೆ, ಹದಿಮೂರು ಹದಿನಾಲ್ಕು ಪಟ್ಟು ವಿದ್ಯುತ್ ಕೊಡುತ್ತದೆ. ಜಲವಿದ್ಯುತ್ತಿಗೆ ನೀರಿನಷ್ಟೇ ಎತ್ತರವೂ ಬೇಕು. ಗೊರೂರಿನದು ನೀರಾವರಿಗೆಂದು ಕಟ್ಟಿದ ಅಣೆಕಟ್ಟು. ನಾಲೆಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ಭತ್ತ ತೀರ್ಮಾನಿಸುತ್ತದೆ, ಬಲ್ಬು ಅಲ್ಲ.

ಈ ‘ಯಾವಾಗ’ ಎಂಬ ಮಾತೇ ನನ್ನನ್ನು ಹಿಡಿದುಕೊಂಡಿತು. ನವೀಕರಿಸಬಹುದಾದ ಇಂಧನ ಎಂದ ಕೂಡಲೇ ನಾವೆಲ್ಲ ಸೆಮಿನಾರಿನಲ್ಲಿ ಒಂದೇ ಸಮನೆ ಮೆಗಾವಾಟ್, ಗಿಗಾವಾಟ್ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. 2030ಕ್ಕೆ 500 ಗಿಗಾವಾಟ್, 2070ಕ್ಕೆ ನಿವ್ವಳ ಶೂನ್ಯ ಎಂಬುದು ಪ್ರತಿ ಪಿಪಿಟಿಯ ಮೊದಲ ಸ್ಲೈಡು. 2025ರ ಮಧ್ಯಭಾಗಕ್ಕೆ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳದ್ದಾಯಿತು. ನಿಜ, ಹೆಮ್ಮೆ ಪಡಬೇಕಾದದ್ದೇ. ಆದರೆ ನಿಜವಾಗಿ ಉತ್ಪಾದನೆಯಾದ ವಿದ್ಯುತ್ತನ್ನು ನೋಡಿದರೆ 2024–25ರಲ್ಲೂ ನೂರು ಯೂನಿಟ್‌ನಲ್ಲಿ 70ಕ್ಕೂ ಹೆಚ್ಚು ಬಂದದ್ದು ಕಲ್ಲಿದ್ದಲಿನಿಂದ. ಸಾಮರ್ಥ್ಯ ಅರ್ಧ, ದುಡಿಮೆ ಕಾಲು ಭಾಗ. ಸೋಲಾರ್ ಫಲಕ ರಾತ್ರಿ ಮಲಗುತ್ತದೆ, ಗಾಳಿಯಂತ್ರ ಗಾಳಿ ಬಂದಾಗ ತಿರುಗುತ್ತದೆ, ರಾಯಚೂರಿನ ಬಾಯ್ಲರ್ ಮಾತ್ರ ಹಗಲೂ ರಾತ್ರಿ ಉರಿಯುತ್ತದೆ.

ಸಂಜೆ ಆರರ ಮೇಲೆ ಸೂರ್ಯ ಹೋಗುತ್ತಾನೆ, ಅದೇ ಹೊತ್ತಿಗೆ ಮನೆಮನೆಯ ಲೈಟು, ಟಿವಿ, ಬೆಂಗಳೂರಿನ ಎಸಿ ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಬೇಕಾದ್ದಕ್ಕಿಂತ ಹೆಚ್ಚಿರುವ ವಿದ್ಯುತ್ತು ರಾತ್ರಿ ಎಂಟಕ್ಕೆ ಸಾಲದು. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಬ್ಯಾಟರಿ, ಇಲ್ಲವೇ ಪಂಪ್ಡ್ ಸ್ಟೋರೇಜ್. ಹಗಲು ಹೆಚ್ಚಾದ ವಿದ್ಯುತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಮತ್ತೆ ಕೆಳಗೆ ಬಿಟ್ಟು ಟರ್ಬೈನು ತಿರುಗಿಸುವುದು. ಗೇರುಸೊಪ್ಪ ಮತ್ತು ತಲಕಳಲೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಅಂಥ ಯೋಜನೆಯ ಪ್ರಸ್ತಾವ ಇದೆ. ಅದು ಸಿಂಗಳೀಕಗಳ ಅಭಯಾರಣ್ಯದಲ್ಲಿ ಹಾದುಹೋಗುವುದರಿಂದ ಮಲೆನಾಡಿನ ಜನ ವಿರೋಧಿಸುತ್ತಿದ್ದಾರೆ. ತಾಂತ್ರಿಕವಾಗಿ ನನಗೆ ಆ ಯೋಜನೆ ಇಷ್ಟ, ಕಾಡಿನ ವಿಷಯಕ್ಕೆ ಬಂದರೆ ವಿರೋಧಿಸುವವರ ಮಾತಿನಲ್ಲಿ ತೂಕ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲೇ ಸಕಲೇಶಪುರದ ಕಡೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದು ಎಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಹೇಳಿತ್ತು. ನೀರು ನವೀಕರಣವಾಗುತ್ತದೆ, ಒಂದು ಸಲ ಹೋದ ಮಳೆಕಾಡು ಆಗುವುದಿಲ್ಲ.

ಹಾಗಾದರೆ ಕಾಡು ಮುಟ್ಟದೆ, ದುಬಾರಿ ಬ್ಯಾಟರಿ ಇಲ್ಲದೆ ಹಗಲಿನ ಬಿಸಿಲನ್ನು ಬಳಸಿಕೊಳ್ಳುವ ದಾರಿ ಇಲ್ಲವೇ? ಇದೆ. ಅದು ನಮ್ಮ ಗದ್ದೆಯ ಬದುವಿನಲ್ಲೇ, ತಗಡಿನ ಪೆಟ್ಟಿಗೆಯೊಳಗೆ ಸ್ಟಾರ್ಟರ್ ರೂಪದಲ್ಲಿ ಕೂತಿದೆ.

ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದರಷ್ಟು ಹೋಗುವುದು ಕೃಷಿ ಪಂಪ್‌ಸೆಟ್‌ಗಳಿಗೆ. 10 ಎಚ್‌ಪಿವರೆಗೆ ರೈತರಿಗೆ ಉಚಿತ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎನ್ನುವುದು ಸರ್ಕಾರದ ಲೆಕ್ಕ. ನಮ್ಮ ಕಡೆ ಆ ಏಳು ಗಂಟೆ ತುಂಡುತುಂಡಾಗಿ ಬರುತ್ತಿದ್ದದ್ದೇ ಹೆಚ್ಚು: ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು, ವಾರಕ್ಕೊಮ್ಮೆ ಪಾಳಿ ಬದಲು. ರಾತ್ರಿ ಪಾಳಿ ಬಂದ ವಾರ ಅಪ್ಪ ಊಟ ಮಾಡಿ ಮಲಗಿ, ಹನ್ನೆರಡಕ್ಕೋ ಒಂದಕ್ಕೋ ಎದ್ದು, ಟಾರ್ಚು ಮತ್ತು ಕೋಲು ಹಿಡಿದು ಶುಂಠಿ ಹೊಲಕ್ಕೆ ಹೋಗುತ್ತಿದ್ದರು. ಅಮ್ಮ ಅವರು ವಾಪಸು ಬರುವತನಕ ನಿದ್ದೆ ಮಾಡುತ್ತಿರಲಿಲ್ಲ. ಮೊದಲು ಹಾವಿನ ಭಯ ಮಾತ್ರ ಇತ್ತು. ಈಗ ಆಲೂರು, ಸಕಲೇಶಪುರ, ಅರಕಲಗೂಡು ಕಡೆಯ ರೈತರನ್ನು ಕೇಳಿ, ರಾತ್ರಿ ಹೊಲಕ್ಕೆ ಹೋಗುವುದೆಂದರೆ ಆನೆ ಎಲ್ಲಿದೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿಕೊಂಡು ಹೋಗುವುದು. ಅಪ್ಪನಿಗೆ ನಾನು ಒಮ್ಮೆ ಬ್ಯಾಟರಿ, ಗ್ರಿಡ್ಡು ಎಂದೆಲ್ಲ ವಿವರಿಸಿದಾಗ ಅವರು ಹೇಳಿದ್ದು ಇಷ್ಟೇ: ‘ಅದೆಲ್ಲ ಇರ್ಲಿ ಕಣವ್ವ. ಹಗಲೊತ್ತು ಕರೆಂಟು ಕೊಟ್ರೆ ಸಾಕು, ಫ್ರೀ ಕೊಡ್ದಿದ್ರೂ ಪರವಾಗಿಲ್ಲ.’

ಈ ಒಂದು ಮಾತಿನಲ್ಲಿ ಗ್ರಿಡ್ ನಿರ್ವಹಣೆಯ ಅರ್ಧ ಪಾಠ ಇದೆ. ಮನೆಯ ಲೈಟನ್ನು ಮಧ್ಯಾಹ್ನಕ್ಕೆ ಹಾಕಿ ಎಂದು ಯಾರಿಗೂ ಹೇಳಲಾಗದು. ನೀರೆತ್ತುವುದನ್ನು ಮಾತ್ರ ಹಗಲಿಗೆ ತರಬಹುದು. ಬೆಳಿಗ್ಗೆ ಹತ್ತಕ್ಕೆ ಹಾಯಿಸಿದ ನೀರು ಸಂಜೆಯವರೆಗೂ, ಮರುದಿನದವರೆಗೂ ಮಣ್ಣಿನಲ್ಲಿ ಇರುತ್ತದೆ. ಇದಕ್ಕಿಂತ ಅಗ್ಗದ ಬ್ಯಾಟರಿ ಯಾವ ಕಂಪನಿಯೂ ಮಾಡಿಲ್ಲ. ರಾತ್ರಿಯ ಪಂಪ್‌ಸೆಟ್ ಹೊರೆ ಹಗಲಿಗೆ ಬಂದಷ್ಟೂ ಸಂಜೆ, ರಾತ್ರಿಯ ಕಲ್ಲಿದ್ದಲು ಉಳಿಯುತ್ತದೆ, ಜಲಾಶಯಗಳ ನೀರನ್ನು ಸಂಜೆಯ ಹೊತ್ತಿಗೆಂದು ಕಾದಿಡಬಹುದು.

ಆಟೋ ಸ್ಟಾರ್ಟರ್ ಇರುವಾಗ ರಾತ್ರಿ ಹೋಗುವುದೇಕೆ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಇದೆ. ಅದನ್ನು ಆನ್ ಮಾಡಿಟ್ಟು ಎಲ್ಲರೂ ಮಲಗುತ್ತಾರೆ. ಕರೆಂಟು ಬಂದ ಕ್ಷಣ ಒಂದು ಟ್ರಾನ್ಸ್‌ಫಾರ್ಮರಿನ ಅಷ್ಟೂ ಮೋಟರುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೋಟರು ಶುರುವಾಗುವಾಗ ಎಳೆಯುವ ಕರೆಂಟು ಮಾಮೂಲಿಗಿಂತ ಹಲವು ಪಟ್ಟು. ಓಲ್ಟೇಜ್ ಬಿದ್ದು ಒಂದೋ ಮೋಟರಿನ ಕಾಯಿಲ್ ಸುಡುತ್ತದೆ, ಇಲ್ಲ ಟಿಸಿಯೇ ಸುಡುತ್ತದೆ. ಸುಟ್ಟ ಟಿಸಿ ಬದಲಾಗುವ ಹೊತ್ತಿಗೆ ಬೆಳೆ ಒಣಗಿರುತ್ತದೆ. ಉಳಿದ ಮೋಟರುಗಳು ಯಾರೂ ನೋಡದೆ ಓಡಿ, ತುಂಬಿದ ಪಾತಿಗೇ ನೀರು ಸುರಿಯುತ್ತವೆ. ಬೋರ್‌ವೆಲ್ ನೀರು ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2023ರ ಬರ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತು. ಕೆಆರ್‌ಎಸ್ ತುಂಬಲಿಲ್ಲ, ನಮ್ಮ ಹೇಮಾವತಿ ತುಂಬಲಿಲ್ಲ, ಲಿಂಗನಮಕ್ಕಿಯೂ ತುಂಬಲಿಲ್ಲ. ಜಲವಿದ್ಯುತ್ ಕುಸಿಯಿತು. ಮಳೆ ಇಲ್ಲದ್ದರಿಂದಲೇ ಅಕ್ಟೋಬರಿನಲ್ಲಿ ಎಲ್ಲರೂ ಪಂಪ್‌ಸೆಟ್ ಹಾಕಿದರು, ರಾಜ್ಯದ ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ಉತ್ಪಾದನೆ ಬಿದ್ದದ್ದಕ್ಕೂ ಬೇಡಿಕೆ ಎದ್ದದ್ದಕ್ಕೂ ಕಾರಣ ಒಂದೇ. ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್, ರೈತರ ಪ್ರತಿಭಟನೆ, ಹೊರ ರಾಜ್ಯಗಳಿಂದ ವಿದ್ಯುತ್ ಖರೀದಿ ಎಲ್ಲ ನಡೆಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. ನೀರನ್ನು ನಂಬಿ ಬೆಳೆದವರು. ನೀರು ಮಾತ್ರ ಸಾಲದು ಎಂದು ಆ ವರ್ಷ ಚೆನ್ನಾಗಿ ತಿಳಿಯಿತು. ಬರದ ವರ್ಷ ಮೋಡ ಇರುವುದಿಲ್ಲ, ಬಿಸಿಲಿಗೆ ಕೊರತೆಯೂ ಇರುವುದಿಲ್ಲ ಎನ್ನುವುದನ್ನು ಇಲ್ಲಿ ಸೇರಿಸಿಕೊಳ್ಳಬೇಕು.

ಹಗಲು ವಿದ್ಯುತ್ತಿನ ದಾರಿ ಹೊಸದೇನಲ್ಲ. ಕನಕಪುರದ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಹೆಸರಿನಲ್ಲಿ ರೈತರ ಪಂಪ್‌ಸೆಟ್‌ಗಳಿಗೆ ಫಲಕ ಹಾಕಿ, ಮಿಕ್ಕ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರುವ ಪ್ರಯೋಗ ನಡೆದಿತ್ತು. 2019ರಲ್ಲಿ ಕೇಂದ್ರದ ಪಿಎಂ–ಕುಸುಮ್ ಬಂತು. ಅದರ ಒಂದು ಭಾಗದಲ್ಲಿ ಪ್ರತಿ ಹೊಲಕ್ಕೂ ಫಲಕ ಹಾಕುವ ಬದಲು, ಸಬ್‌ಸ್ಟೇಷನ್ ಪಕ್ಕದಲ್ಲಿ ಸಣ್ಣ ಸೋಲಾರ್ ಘಟಕ ಹಾಕಿ ಆ ಫೀಡರಿನ ಪಂಪ್‌ಸೆಟ್‌ಗಳಿಗೆಲ್ಲ ಹಗಲಲ್ಲೇ ವಿದ್ಯುತ್ ಕೊಡುತ್ತಾರೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅಂಥ ಘಟಕಕ್ಕೆ ಮುಖ್ಯಮಂತ್ರಿ ಚಾಲನೆ ಕೊಟ್ಟರು. ನನ್ನ ಮಟ್ಟಿಗೆ ಪಾವಗಡದಂಥ ದೈತ್ಯ ಪಾರ್ಕಿಗಿಂತ ಇದು ಹಾಸನಕ್ಕೆ ಸರಿಹೊಂದುವ ಅಳತೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಉತ್ಪಾದನೆಯಾದರೆ ದೂರದ ತಂತಿಯಲ್ಲಿ ಆಗುವ ನಷ್ಟವೂ ಕಡಿಮೆ.

ಅಳತೆ ಎಂದದ್ದಕ್ಕೆ ಕಾರಣ ಇದೆ. ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯನ್ನು ಸ್ವಾಧೀನ ಮಾಡಿಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಜಮೀನು ರೈತನ ಹೆಸರಲ್ಲೇ ಉಳಿಯಿತು. ಡ್ಯಾಮಿನಲ್ಲಿ ಜಮೀನು ಮುಳುಗಿದವರ ಮೊಮ್ಮಕ್ಕಳು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಆದರೆ ಪಾವಗಡದ ಭೂಮಿ ಮಳೆ ಕಾಣದ ಭೂಮಿ. ಅಲ್ಲೂ ಜಮೀನು ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಗುತ್ತಿಗೆ ಹಣ ಬರಲಿಲ್ಲ, ಇದ್ದ ಕೆಲಸವೂ ಹೋಯಿತು. ಇಲ್ಲಿ ಭತ್ತ, ಶುಂಠಿ, ಆಲೂಗಡ್ಡೆ ಬೆಳೆಯುವ ಭೂಮಿಯ ಮೇಲೆ ಸಾವಿರಾರು ಎಕರೆ ಗಾಜು ಹಾಸುವುದು ಮೂರ್ಖತನ. ಗೋಮಾಳದಲ್ಲಿ ಹಾಕೋಣ ಎಂದರೆ ದನ ಎಲ್ಲಿಗೆ ಹೋಗಬೇಕು? ಇದನ್ನು ಗ್ರಾಮಸಭೆಯಲ್ಲಿ ಕೂತು ಮಾತಾಡದೆ ಯಾವ ಎಂಜಿನಿಯರೂ ಸಾಫ್ಟ್‌ವೇರಿನಲ್ಲಿ ತೀರ್ಮಾನಿಸಲಾರ.

ನೀರಿನ ಮೇಲೇ ಫಲಕ ತೇಲಿಸಿದರೆ? ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವಾಟ್‌ನ ತೇಲುವ ಘಟಕ 2022ರಿಂದ ಇದೆ. ಗೊರೂರಿನ ಹಿನ್ನೀರು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ನಮ್ಮ ಜಲಾಶಯದ ಮಟ್ಟ ಒಂದೇ ವರ್ಷದಲ್ಲಿ ಬಹಳ ಏರಿಳಿಯುತ್ತದೆ. ಮಳೆಗಾಲದಲ್ಲಿ ಮುಳುಗುವ ಚರ್ಚಿನ ಸುತ್ತ ಬೇಸಿಗೆಯಲ್ಲಿ ನಡೆದಾಡಬಹುದು. ಲಂಗರು ಹಾಕುವುದು ಹೇಗೆ, ಮೀನು ಹಿಡಿಯುವವರಿಗೆ ಜಾಗ ಎಲ್ಲಿ ಎಂಬುದನ್ನು ಮೊದಲು ನೋಡಬೇಕು.

ಇನ್ನೊಂದು ಇಂಧನದ ಬಗ್ಗೆ ಸೆಮಿನಾರುಗಳಲ್ಲಿ ಯಾರೂ ಮಾತಾಡುವುದಿಲ್ಲ: ಸೌದೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಕಿತ್ತ ಮೇಲೆ ಬ್ಯಾರನ್‌ನಲ್ಲಿ ದಿನಗಟ್ಟಲೆ ಬೆಂಕಿ ಹಾಕಿ ಹದ ಮಾಡಬೇಕು. ಸೀಸನ್ ಬಂದರೆ ಸೌದೆ ಹೊತ್ತ ಟ್ರ್ಯಾಕ್ಟರುಗಳ ಸಾಲು. ಪುಸ್ತಕದ ಪ್ರಕಾರ ಸೌದೆ ನವೀಕರಿಸಬಹುದಾದ ಇಂಧನ, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗುತ್ತದೆ. ಕಡಿದಷ್ಟು ಮರ ಮತ್ತೆ ಬೆಳೆಸದಿದ್ದರೆ ಅದಕ್ಕೂ ಕಲ್ಲಿದ್ದಲಿಗೂ ಏನು ವ್ಯತ್ಯಾಸ? ಈ ವಿಷಯದಲ್ಲಿ ಹಾಸನದ ಪಕ್ಕ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮಾಡಿದ ಜೈವಿಕ ಇಂಧನ ಪಾರ್ಕನ್ನು ಹೋಗಿ ನೋಡಬೇಕು. ದೇಶವೆಲ್ಲ ಜಟ್ರೋಫಾ ಒಂದನ್ನೇ ಹಿಡಿದು ಹೊರಟಿದ್ದ ಕಾಲದಲ್ಲಿ ಅವರು ಹೊಂಗೆ, ಬೇವು, ಹಿಪ್ಪೆ, ಸಿಮರೂಬಾಗಳನ್ನು ಬೆಳೆಯ ಜಾಗ ಕಬಳಿಸದಂತೆ ಬದುವಿನಲ್ಲಿ, ಬೇಲಿಯಲ್ಲಿ ಬೆಳೆಸಿ ಎಂದರು. ಬೀಜದಿಂದ ಎಣ್ಣೆ, ಹಿಂಡಿ ಗೊಬ್ಬರಕ್ಕೆ. ಬೀಜ ಆಯುವ ಕೂಲಿ ಗಿಟ್ಟಬೇಕು ಎಂಬ ಕಷ್ಟ ಇದ್ದೇ ಇದೆ, ಅದರಿಂದ ದೇಶದ ಲಾರಿಗಳೆಲ್ಲ ಓಡುತ್ತವೆ ಎಂಬ ಭ್ರಮೆ ನನಗಿಲ್ಲ. ಬದುವಿನ ಮರದ ಕೊಂಬೆ ಬ್ಯಾರನ್‌ಗೆ ಹೋದರೂ ಕಾಡಿನ ಮರ ಒಂದು ಉಳಿಯುತ್ತದೆ.

ಕೆಲಸ ಹುಡುಕುವವರಿಗೆ ಒಂದೆರಡು ಮಾತು. ನಮ್ಮ ಬ್ರ್ಯಾಂಚಿನ ಹುಡುಗರಿಗೂ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಜಾವಾ ಕೇಳುತ್ತಾರೆ, ಟ್ರಾನ್ಸ್‌ಫಾರ್ಮರ್ ಕೇಳುವುದಿಲ್ಲ. ಹಾಗೆಂದು ವಿದ್ಯುತ್ತಿನಲ್ಲಿ ಕೆಲಸ ಇಲ್ಲವೆಂದಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಚಾವಣಿ ಘಟಕಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಅದನ್ನು ಅಳವಡಿಸಲು, ಅರ್ತಿಂಗ್ ಸರಿಯಾಗಿ ಮಾಡಲು, ಆರು ತಿಂಗಳ ಮೇಲೆ ಇನ್ವರ್ಟರ್ ಕೈಕೊಟ್ಟಾಗ ಬಂದು ನೋಡಲು ತಾಲ್ಲೂಕು ಮಟ್ಟದಲ್ಲಿ ಜನ ಬೇಕು. ಐಟಿಐ, ಡಿಪ್ಲೊಮಾ ಮಾಡಿದವರಿಗೆ ‘ಸೂರ್ಯಮಿತ್ರ’ ತರಬೇತಿ ಇದೆ. ಬಿಇ ಮಾಡಿದವರಾದರೆ ನಾಳೆ ಎಷ್ಟು ಬಿಸಿಲು, ಎಷ್ಟು ಗಾಳಿ, ಎಷ್ಟು ಬೇಡಿಕೆ ಎಂದು ಮುಂಚೆಯೇ ಅಂದಾಜು ಮಾಡುವ ವಿದ್ಯೆ ಕಲಿಯಿರಿ. ಅಲ್ಲಿ ಜಾವಾ ಕಲಿತವರಿಗೂ ಜಾಗ ಇದೆ. ಇವೆಲ್ಲದರ ಜೊತೆ ರೈತರ ಹತ್ತಿರ ಕೂತು ಕನ್ನಡದಲ್ಲಿ ವಿವರಿಸಲು ಬರಬೇಕು. ನಮ್ಮಲ್ಲಿ ಅನೇಕರಿಗೆ ‘ಇರೇಡಿಯನ್ಸ್’ ಗೊತ್ತು, ‘ಬಿಸಿಲು ಎಷ್ಟು ಬೀಳುತ್ತೆ’ ಎಂದು ಕೇಳಲು ಬಾಯಿ ಬರುವುದಿಲ್ಲ.

ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಊರಿನ ಒಂದೇ ಒಂದು ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಂಡೆವು. ಹನ್ನೊಂದು ಪಂಪ್‌ಸೆಟ್, ಎಲ್ಲವೂ 5 ಎಚ್‌ಪಿ. ಒಂದೊಂದಕ್ಕೆ 3.7 ಕಿಲೋವಾಟ್ ಎಂದರೆ ಒಟ್ಟು 41 ಕಿಲೋವಾಟ್, ಮೋಟರಿನ ನಷ್ಟ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. 60 ಕಿಲೋವಾಟ್ ಫಲಕ ಹಾಕಿದರೆ, ಕಿಲೋವಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್‌ನಂತೆ 240 ಯೂನಿಟ್. ಹನ್ನೊಂದೂ ಮೋಟರಿಗೆ ಹಗಲು ಹೊತ್ತಿನಲ್ಲೇ ಐದು ಗಂಟೆಗೆ ಅಡ್ಡಿ ಇಲ್ಲ. ಬೇಕಾದ ಜಾಗ ಹತ್ತು ಹನ್ನೊಂದು ಗುಂಟೆ. ಕಿಲೋವಾಟ್‌ಗೆ 50 ಸಾವಿರ ಹಿಡಿದರೆ ಖರ್ಚು 30 ಲಕ್ಷ. ಹನ್ನೊಂದು ಮನೆಗೆ ಹಂಚಿದರೆ ಒಂದು ಮನೆಗೆ ಸುಮಾರು ಎರಡೂಮುಕ್ಕಾಲು ಲಕ್ಷ. ಸಬ್ಸಿಡಿ ಇಲ್ಲದೆ ಯಾರಿಗೂ ಆಗುವ ಮಾತಲ್ಲ, ಆದರೆ ಅದೇ ಹೊಲಗಳಿಗೆ ವರ್ಷಗಟ್ಟಲೆ ಉಚಿತ ವಿದ್ಯುತ್ ಕೊಡಲು ಸರ್ಕಾರ ಈಗಾಗಲೇ ಹಣ ಕಟ್ಟುತ್ತಿದೆ. ಮಿಕ್ಕ ಯೂನಿಟ್ ಮಾರಿದ ದುಡ್ಡು ಕೈಗೆ ಬರುವಂತಿದ್ದರೆ ರೈತನೂ ನೀರು ಸಾಕಾದ ಕೂಡಲೇ ಮೋಟರು ನಿಲ್ಲಿಸುತ್ತಾನೆ, ಬೋರ್‌ವೆಲ್ಲೂ ಉಳಿಯುತ್ತದೆ. ಉಚಿತದಲ್ಲಿ ನಿಲ್ಲಿಸಲು ಕಾರಣವೇ ಇಲ್ಲ.

ಈ ಲೆಕ್ಕವನ್ನು ಜಗಲಿಯ ಮೇಲೆ ಹರಡಿದಾಗ ನಮ್ಮ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ, ‘ಎಲ್ಲಾ ಸರಿ ಕಣವ್ವ, ಆಷಾಢದಲ್ಲಿ ನಿನ್ನ ಸೂರ್ಯ ಎಲ್ಲಿರ್ತಾನೆ?’ ಎಂದರು.

‘ಆಷಾಢದಲ್ಲಿ ನೀವು ಮೋಟ್ರು ಹಾಕ್ತೀರಾ ದೊಡ್ಡಪ್ಪ?’ ಎಂದು ಕೇಳಿದೆ.

ಅವರು ನಕ್ಕರು. ಜಡಿಮಳೆಯ ತಿಂಗಳಲ್ಲಿ ಫಲಕ ಕಡಿಮೆ ಕೊಡುತ್ತದೆ, ಆಗ ಹೊಲಕ್ಕೆ ನೀರೂ ಬೇಡ. ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಶರಾವತಿಗೆ ನೀರು ಬರುತ್ತದೆ. ಫೆಬ್ರುವರಿಯಿಂದ ಮೇವರೆಗೆ ಬಿಸಿಲೂ ಪಂಪ್‌ಸೆಟ್ಟೂ ಒಟ್ಟಿಗೆ ಏರುತ್ತವೆ. ನಮ್ಮ ಲೆಕ್ಕಕ್ಕೆ ಸಿಗದೆ ಉಳಿದದ್ದು ಮಳೆಯೂ ಬಾರದ, ಮೋಡವೂ ಕರಗದ ಆ ಕೆಲವು ದಿನಗಳು. ಅವು ವರ್ಷಕ್ಕೆ ಎಷ್ಟಿರುತ್ತವೆ ಎಂದು ದೊಡ್ಡಪ್ಪ ಈಗ ಹಳೆಯ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಡುತ್ತಿದ್ದಾರೆ.